ತಂಗಿಯ ನಡಿಗೆ

ಅವ್ವ ತೀರಿಕೊಂಡಾಗ ನನ್ನ ತಂಗಿಗೆ ಜಡೆ ಹೆಣೆದುಕೊಳ್ಳಲು ಬರುತ್ತಿರಲಿಲ್ಲ. ಅಂದಿನಿಂದ ಅವಳ ಕೂದಲು ನನ್ನ ಪಾಲಿನ ಕೆಲಸವಾಯಿತು. ನಾವು ಶಹಾಬಾದಿನಲ್ಲಿ, ಕಾಗಿಣಾ ಹೊಳೆಯ ಕಡೆಗಿನ ಓಣಿಯಲ್ಲಿದ್ದೆವು. ನಮ್ಮ ಹಿರಿಯರು ದೋಣಿ ಹಾಕಿ ಜನರನ್ನು ಹೊಳೆ ದಾಟಿಸಿದವರು. ಅಪ್ಪನ ಕಾಲಕ್ಕೆ ದೋಣಿ ಹೋಗಿತ್ತು. ರೈಲು ಇಂಜಿನ್ನುಗಳಿಗೆ ನೀರು ಎತ್ತುವ ಪಂಪಿನ ಮನೆಯಲ್ಲಿ ಅವನಿಗೆ ನೌಕರಿ ಇತ್ತು. ನೆಲ, ಗೋಡೆ, ಮಾಳಿಗೆ ಎಲ್ಲ ಫರಸಿ ಕಲ್ಲಿನದೇ ಆದ ಎರಡು ಖೋಲಿಯ ಮನೆ. ಬೇಸಿಗೆಯಲ್ಲಿ ಕಲ್ಲು ಕಾದು ರಾತ್ರಿಯೆಲ್ಲ ಆರುತ್ತಿರಲಿಲ್ಲ. ನಾವಿಬ್ಬರೂ ನೆಲಕ್ಕೆ ನೀರು ಚಿಮುಕಿಸಿ, ಒಂದೇ ಚಾಪೆಯ ಮೇಲೆ ಮಲಗುತ್ತಿದ್ದೆವು.

ನನ್ನನ್ನು ಸೇಡಂಗೆ ಕೊಟ್ಟಿದ್ದರು. ಗಂಡ ಒಳ್ಳೆಯವನು, ಹೆಚ್ಚು ಮಾತಿನವನಲ್ಲ. ಎರಡನೆಯ ಮಳೆಗಾಲದಲ್ಲಿ ಊರಿಗೆ ವಾಂತಿಭೇದಿ ಬಂತು, ಒಂದು ಹಗಲಿನಲ್ಲಿ ಅವನನ್ನು ಮುಗಿಸಿಕೊಂಡು ಹೋಯಿತು. ತಿರುಗಿ ತವರಿಗೆ ಬಂದೆ. ನಮ್ಮ ಜನದಲ್ಲಿ ಉಡಿಕಿಯ ರೂಢಿ ಇದೆ, ವಿಧವೆ ಇನ್ನೊಂದು ಮದುವೆಯಾಗಬಹುದು. ಒಂದೆರಡು ಕಡೆಯಿಂದ ಕೇಳಿಯೂ ಬಂದರು. ನಾನೇ ಒಲ್ಲೆ ಎಂದೆ. ಯಾಕೆ ಎಂದು ಅಪ್ಪ ಕೇಳಲಿಲ್ಲ. ಮನೆಯಲ್ಲಿ ತಂಗಿ ಇದ್ದಳು, ಅವಳ ಕೂದಲು ಇತ್ತು. ಬಿಚ್ಚಿದರೆ ಮೊಳಕಾಲಿಗೆ ಮುಟ್ಟುವ ಕೂದಲು.

ಪಕ್ಕದ ಮನೆಯಲ್ಲಿ ಹೈದರಾಬಾದಿನಿಂದ ಬಂದ ಶಾಲೆಯ ಮಾಸ್ತರರ ಹೆಂಡತಿ ಇದ್ದರು. ಓಣಿಯವರೆಲ್ಲ ಅವರನ್ನು ಉಸ್ತಾನಿ ಎನ್ನುತ್ತಿದ್ದರು. ತಮ್ಮ ಹೆಣ್ಣುಮಕ್ಕಳಿಗೆ ಪಾಠ ಹೇಳುವಾಗ ನನ್ನ ತಂಗಿಯನ್ನೂ ಕೂರಿಸಿಕೊಳ್ಳುತ್ತಿದ್ದರು. ನಾವೆಲ್ಲ ಆಡುವುದು ಬಜಾರದ ಉರ್ದು, ಅರ್ಧ ಕನ್ನಡ ಬೆರೆತದ್ದು. ತಂಗಿ ಕಲಿತದ್ದು ಉಸ್ತಾನಿಯವರ ಉರ್ದು. ಗಂಟಲಿನ ಅಕ್ಷರಗಳು ಅವಳ ಬಾಯಲ್ಲಿ ನೀರು ಕುಡಿದಂತೆ ಇಳಿಯುತ್ತಿದ್ದವು. ಒಮ್ಮೆ ಉಸ್ತಾನಿಯವರು ನನ್ನನ್ನು ಕರೆದು, ಈ ಹುಡುಗಿ ಕಣ್ಣಿಗೆ ಕಾಣದೆ ಮಾತಾಡಿದರೆ ನಮ್ಮ ಶಹರದವಳೇ ಎನ್ನಬೇಕು ಎಂದಿದ್ದರು. ಅದು ಮುಂದೆ ಒಂದು ದಿನ ಅವಳನ್ನು ಅಷ್ಟು ದೂರ ಕರೆದೊಯ್ಯುತ್ತದೆ ಎಂದು ಅವರಿಗೂ ತಿಳಿದಿರಲಿಲ್ಲ.

ಚಿಂಚೋಳಿಯ ಹತ್ತಿರ ಚಂದಾಪುರದಲ್ಲಿ ನಮ್ಮ ಸೋದರಮಾವನ ಮನೆ. ಅಲ್ಲೊಂದು ಮದುವೆಗೆ ಅಪ್ಪ ನಮ್ಮಿಬ್ಬರನ್ನು ಕರೆದುಕೊಂಡು ಹೊರಟಿದ್ದ. ವಾಡಿಯಲ್ಲಿ ಇಳಿದು ಹೈದರಾಬಾದ್ ಕಡೆಯ ಗಾಡಿ ಹಿಡಿಯಬೇಕು, ಸೇಡಂನಿಂದ ಮುಂದೆ ಎತ್ತಿನ ಗಾಡಿ. ವಾಡಿಯಲ್ಲಿ ಗಾಡಿ ತಡವಾಯಿತು. ಬೇವಿನ ಗಿಡದ ಕೆಳಗೆ ಕುಳಿತು, ತಂಗಿಯ ಕೂದಲಿಗೆ ಕೂತ ಇಂಜಿನ್ನಿನ ಕರಿಯನ್ನು ಒರೆಸಿ ಬಾಚುತ್ತಿದ್ದೆ. ಆಗ ಸೊಲ್ಲಾಪುರದ ಒಬ್ಬ ಹಿರಿಯರು ಅಪ್ಪನ ಹತ್ತಿರ ಬಂದು ನಿಂತರು. ಹಣೆಗೆ ವಿಭೂತಿ, ಕೈಯಲ್ಲಿ ಚರ್ಮದ ಪೆಟ್ಟಿಗೆ. ತಲೆಗೆ ಹಚ್ಚುವ ಎಣ್ಣೆಯ ಕಂಪನಿಯೊಂದಕ್ಕೆ ಊರೂರು ತಿರುಗುವವರು. ಅವರು ತಂಗಿಯತ್ತ ನೋಡಲಿಲ್ಲ, ಅಪ್ಪನ ಮುಖ ನೋಡಿಯೇ ಮಾತಾಡಿದರು.

"ತಪ್ಪ ತಿಳೀಬ್ಯಾಡ್ರಿ. ನನಗೂ ಹೆಣ್ಣಮಕ್ಕಳ ಅದಾರ. ಈ ಕೂಸಿನ ಕೂದಲದ ಒಂದ ಫೋಟೋ ತೆಗಸಿ ಬಾಟಲಿ ಮ್ಯಾಲ ಹಾಕಿದ್ರ ನಮ್ಮ ಎಣ್ಣಿ ಭಾಳ ನಡೀತದ. ನೀವೂ ಜೋಡಿ ಬರ್ರಿ, ನಿಮ್ಮ ಕಣ್ಣಮುಂದ ತೆಗಸ್ತೀನಿ."

ಯಾವೂರು ಎಂದು ಕೇಳಿದ್ದಕ್ಕೆ ಮಾತ್ರ ಅಪ್ಪ ಶಹಾಬಾದು ಎಂದ. ಗಾಡಿ ಬಂತು, ನಾವು ಹತ್ತಿದೆವು. ಆದರೆ ಆ ಹಿರಿಯರು ಬಿಡುವ ಪೈಕಿಯವರಾಗಿರಲಿಲ್ಲ; ಮುಂದಿನ ತಿಂಗಳು ಶಹಾಬಾದಿಗೇ ಬಂದರು, ಮತ್ತೆ ಬಂದರು. ಕಡೆಗೆ ಅಪ್ಪ ಅವಳನ್ನು ಹೈದರಾಬಾದಿಗೆ ಕರೆದುಕೊಂಡು ಹೋದ. ತಿರುಗಿ ಬಂದ ತಂಗಿ ನನಗೆ ಹೇಳಿದ್ದು ಇಷ್ಟೇ: ಫೋಟೋದವನು ತಲೆ ಮೇಲೆ ಕರಿ ಬಟ್ಟೆ ಹೊದ್ದುಕೊಂಡಾಗ ನಗು ತಡೆಯಲು ಭಾಳ ಕಷ್ಟವಾಯಿತು.

ಬಾಟಲಿಗಳು ಚಿತ್ತಾಪುರದ ಬಜಾರಕ್ಕೆ ಬಂದವು, ಸೇಡಂಗೆ ಬಂದವು. ಕೂದಲು ಇಳಿಬಿಟ್ಟು ಓರೆಯಾಗಿ ಕೂತು, ಒಂದು ಕೈ ತಲೆಗೆ ಹಚ್ಚಿದ ನನ್ನ ತಂಗಿ. ಬಣ್ಣ ಹಾಕಿದವರು ಅವಳ ಹಸಿರು ಸೀರೆಯನ್ನು ಗುಲಾಬಿ ಮಾಡಿದ್ದರು. ಚಿತ್ತಾಪುರದ ಒಂದು ಮನೆಗೆ ಅವಳನ್ನು ಕೊಡುವ ಮಾತಾಗಿತ್ತು, ಎಲೆ ಅಡಿಕೆಯೂ ಆಗಿತ್ತು. ಹುಡುಗನ ತಾಯಿ ಒಂದು ಮಧ್ಯಾಹ್ನ ಬಂದು, ನಾನು ಕೊಟ್ಟ ನೀರನ್ನೂ ಮುಟ್ಟದೆ ಹೇಳಿದಳು:

"ದುಕಾನದಾಗ ಕುಂತಾಕೀನ ನಮ್ಮ ಮನಿಗಿ ಹ್ಯಾಂಗ ತರಬೇಕು, ನೀವೇ ಹೇಳ್ರಿ."

ತಂಗಿ ಒಳಗೆ ಒಲೆಯ ಮುಂದೆ ಇದ್ದಳು. ಆ ಹೆಂಗಸು ಹೋದ ಮೇಲೆ ಹೊರಗೆ ಬಂದು ತಂಬಿಗೆಯ ನೀರನ್ನು ತುಳಸಿಗೆ ಸುರಿದಳು, ಅಷ್ಟೇ. ಅವಳು ಅಳುತ್ತಾಳೆಂದು ನಾನು ಕಾದೆ. ಅಳಲಿಲ್ಲ. ಆದರೆ ಹೊಳೆಗೆ ನೀರಿಗೆ ಹೋಗುವಾಗ ಹೆಂಗಸರು ಮಾತು ನಿಲ್ಲಿಸುವುದು ಶುರುವಾಯಿತು. ನಾವಿಬ್ಬರೂ ಬಿಸಿಲು ಏರಿದ ಮೇಲೆ, ಯಾರೂ ಇಲ್ಲದ ಹೊತ್ತು ನೋಡಿ ಕೊಡ ಹೊತ್ತು ಹೋಗತೊಡಗಿದೆವು.

ಸಿನಿಮಾದ ಕರೆ ಬಂದದ್ದು ಆ ಫೋಟೋದವನ ಮೂಲಕವೇ. ಮುಂಬಯಿಯ ಒಬ್ಬ ನಿರ್ದೇಶಕರಿಗೆ ಶುದ್ಧ ಉರ್ದು ಆಡುವ ಹೊಸ ಹುಡುಗಿ ಬೇಕಿತ್ತಂತೆ. ಮೊದಲಾಗಿದ್ದರೆ ಅಪ್ಪ ಬಾಗಿಲಿನಿಂದಲೇ ಕಳಿಸಿಬಿಡುತ್ತಿದ್ದ. ಈಗ ಅವನು ಬಹಳ ದಿನ ಯೋಚಿಸಿದ. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವನು ಹೊಸ್ತಿಲ ಮೇಲೆ ನಿಂತು, ಇಲ್ಲಿ ಇದ್ದು ಇವಳು ಏನು ಮಾಡಬೇಕು ಎಂದ. ಆಮೇಲೆ ನನ್ನತ್ತ ತಿರುಗಿದ.

"ನೀ ಜೋಡಿ ಹೋಗವ್ವ. ಆಕೀನ ಒಬ್ಬಾಕೀನ ಬಿಡಬ್ಯಾಡ."

ಮುಂಬಯಿಯಲ್ಲಿ ದಾದರಿನ ಒಂದು ಚಾಳಿನಲ್ಲಿ ನಮಗೆ ಖೋಲಿ ಕೊಟ್ಟಿದ್ದರು. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಇಬ್ಬರೂ ಸ್ಟುಡಿಯೋಕ್ಕೆ ಹೋಗುವುದು. ನನಗೆ ಗೋಡೆಯ ಪಕ್ಕಕ್ಕೆ ಒಂದು ಸ್ಟೂಲು. ಅಲ್ಲಿ ಕುಳಿತು, ಆ ದೊಡ್ಡ ದೀಪಗಳ ನಡುವೆ ತಂಗಿ ಓಡಾಡುವುದನ್ನು ನೋಡುವುದು. ಅವಳಿಗೆ ಹೊಸ ಹೆಸರು ಇಟ್ಟಿದ್ದರು. ಎಲ್ಲರೂ ಆ ಹೆಸರಿನಿಂದ ಕೂಗಿದರೆ ಅವಳು ತಟ್ಟನೆ ಓಗೊಡುತ್ತಿದ್ದಳು. ನನಗೆ ಆ ಹೆಸರು ಎಂದೂ ಬಾಯಿಗೆ ಬರಲಿಲ್ಲ. ನನ್ನ ಹೆಸರನ್ನು ಅಲ್ಲಿ ಯಾರೂ ಕೇಳಲಿಲ್ಲ. ಕೆಲಸದವಳೆಂದು ತಿಳಿದು ಕೆಲವರು ನೀರು ತರಲು ಹೇಳುತ್ತಿದ್ದರು. ತರುತ್ತಿದ್ದೆ. ಇಡೀ ದಿನದಲ್ಲಿ ಕನ್ನಡದ ಒಂದು ಮಾತು ಕಿವಿಗೆ ಬೀಳಬೇಕಾದರೆ ತಂಗಿ ನನ್ನ ಹತ್ತಿರ ಊಟಕ್ಕೆ ಬರಬೇಕು. ದಿನ ಕಳೆದಂತೆ ಅವಳು ಊಟವನ್ನೂ ಅವರ ಜೊತೆ ನಿಂತೇ ಮುಗಿಸುವಂತಾಯಿತು. ಅದು ಅವಳ ತಪ್ಪಲ್ಲ, ಕೆಲಸವೇ ಹಾಗಿತ್ತು.

ಮೊದಲ ಚಿತ್ರದಲ್ಲಿ ಅವಳು ನಾಯಕಿಯ ಗೆಳತಿ. ಮುಗಿದ ಮೇಲೆ ಸ್ಟುಡಿಯೋದವರು ತಮ್ಮವರಿಗೆಲ್ಲ ತೋರಿಸಿದರು, ನಾನೂ ಹೋಗಿದ್ದೆ. ಪರದೆಯ ಮೇಲೆ ತನ್ನನ್ನು ನೋಡಿದ ತಂಗಿ ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ನಾ ಹಂಗ ನಡೀತೀನೇನು? ಒಂದ ಕಡಿ ವಾಲಿಕೊಂಡು?"

"ಸಣ್ಣಾಕಿದ್ದಾಗಿಂದ ಎಡಕ್ಕ ಕೊಡ ಹೊತ್ತೀದಿ. ಹಂಗೇ ರೂಢಿ ಆಗ್ಯದ."

"ಯಾರೂ ಹೇಳಲಿಲ್ಲಲ್ಲ ನನಗ."

ಅವಳಿಗೆ ನಾಚಿಕೆಯಾಗಿತ್ತು. ಆದರೆ ನಮ್ಮನ್ನು ಕರೆಸಿದ ಮುದುಕ ನಿರ್ದೇಶಕರಿಗೆ ಹಿಡಿಸಿದ್ದು ಅದೇ. ಉಳಿದ ಹುಡುಗಿಯರೆಲ್ಲ ಕಲಿತು ನಡೆಯುತ್ತಾರೆ, ಇವಳು ಎಲ್ಲಿಗೋ ಹೋಗಲಿಕ್ಕಿದ್ದವಳ ಹಾಗೆ ನಡೆಯುತ್ತಾಳೆ ಎಂದರಂತೆ. ಮುಂದಿನ ಚಿತ್ರಕ್ಕೆ ಅವಳನ್ನೇ ನಾಯಕಿ ಮಾಡಿದರು. ಪತ್ರಿಕೆಗಳಲ್ಲಿ ಅವಳ ಚಿತ್ರ ಬಂತು. ಸಾಬೂನಿನವರು, ಸೀರೆಯವರು ಅವಳ ಫೋಟೋ ತೆಗೆಸಿಕೊಂಡು ಹೋದರು. ಚಾಳಿನ ಹುಡುಗಿಯರು ನಮ್ಮ ಬಾಗಿಲಿಗೆ ಬಂದು ಸುಮ್ಮನೆ ನಿಂತು ನೋಡುತ್ತಿದ್ದರು. ಅವಳಿಗೆ ಆಗ ಹತ್ತೊಂಬತ್ತು ತುಂಬಿತ್ತು.

ದೊಡ್ಡ ಯುದ್ಧದ ಕಾಲ. ಫಿಲ್ಮಿನ ಸುರುಳಿಗೂ ರೇಷನ್ ಆಗಿತ್ತು, ಸರ್ಕಾರ ಅಳೆದು ಕೊಡುತ್ತಿತ್ತು. ಹಾಗಾಗಿ ಎಲ್ಲರಿಗೂ ಅವಸರ. ಚಳಿಗಾಲದಲ್ಲಿ ಒಂದು ಮಳೆಯ ದೃಶ್ಯ ತೆಗೆದರು. ಮೇಲಿನಿಂದ ಕೊಳವೆಯಲ್ಲಿ ನೀರು ಬಿಡುವುದು, ಪಕ್ಕದಿಂದ ದೊಡ್ಡ ಪಂಖದ ಗಾಳಿ. ತಂಗಿ ಒಂದು ಬಾಗಿಲ ಮುಂದೆ ನಿಂತು ಯಾರನ್ನೋ ಕಾಯಬೇಕು. ಬೆಳಗಿನಿಂದ ಸಂಜೆಯವರೆಗೆ ಕಾದಳು. ನಡುವೆ ನಾನು ಟವೆಲು ಹಿಡಿದು ಹೋದರೆ, ಒರೆಸಬೇಡ, ಸೀರೆ ಹೀಗೇ ಮೈಗೆ ಅಂಟಿರಬೇಕು, ಮುಂದಿನ ತುಣುಕಿಗೆ ಹೊಂದಬೇಕು ಎಂದು ತಡೆದರು. ಮರುದಿನವೂ ಅದೇ. ಹೊಳೆಯಲ್ಲಿ ಬೆಳೆದವಳಿಗೆ ನೀರೇನು ಎಂದು ತಂಗಿಯೇ ನಕ್ಕಳು. ಆದರೆ ಹಲ್ಲು ಕಟಕಟ ಅನ್ನುತ್ತಿದ್ದವು.

ಜ್ವರ ಎದೆಗೆ ಇಳಿಯಿತು. ಡಾಕ್ಟರು ಬಂದರು, ಸೂಜಿ ಚುಚ್ಚಿದರು, ಇನ್ನೊಬ್ಬರನ್ನು ಕರೆತಂದರು. ನಿರ್ದೇಶಕರು ದಿನಾ ಬಂದು ಬಾಗಿಲಲ್ಲಿ ನಿಂತು ಹೋಗುತ್ತಿದ್ದರು. ತಂಗಿ ಜೋಳದ ನುಚ್ಚು ಬೇಕೆಂದಳು. ರೇಷನ್ನಿನ ಮುಂಬಯಿಯಲ್ಲಿ ಜೋಳ ಎಲ್ಲಿಂದ ತರುವುದು? ಚಾಳಿನ ಕೆಳಗೆ ಗಿರಣಿ ಕೆಲಸಕ್ಕೆ ಬಂದ ಸೊಲ್ಲಾಪುರದ ಕಡೆಯ ಒಂದು ಸಂಸಾರವಿತ್ತು, ಅವರು ಒಂದು ಬೊಗಸೆ ಕೊಟ್ಟರು. ಬೇಯಿಸಿ ತಂದು ತಿನ್ನಿಸಿದೆ. ಎರಡು ಗುಟುಕು ನುಂಗಿ, ಕಣ್ಣು ತೆರೆಯದೆಯೇ, "ಉಪ್ಪ ಕಮ್ಮಿ ಆಗ್ಯದ ಅಕ್ಕ" ಎಂದಳು. ಅದೇ ಕೊನೆಯ ಮಾತು. ಮರುದಿನ ಮಧ್ಯಾಹ್ನ, ಕೆಳಗೆ ಹುಡುಗಿಯರು ನಲ್ಲಿಗೆ ಕೊಡ ಹಚ್ಚಿ ಜಗಳವಾಡುತ್ತಿದ್ದಾಗ, ಅವಳ ಉಸಿರು ನಿಂತಿತು.

ನಮ್ಮಲ್ಲಿ ಮಣ್ಣು ಮಾಡುವುದು ರೂಢಿ. ಅಲ್ಲಿ ನನಗೆ ಯಾರು ಜಾಗ ತೋರಿಸಬೇಕು? ಸ್ಟುಡಿಯೋದವರು ಸುಡುವುದೇ ಎಂದರು, ನಾನು ತಲೆಯಾಡಿಸಿದೆ. ಸಿಪಾಯಿಗಳಿಂದ ತುಂಬಿದ ಗಾಡಿಯಲ್ಲಿ ಹೇಗೋ ಜಾಗ ಹಿಡಿದು ಅಪ್ಪ ಬರುವ ಹೊತ್ತಿಗೆ ಬೂದಿಯ ಗಡಿಗೆ ಮಾತ್ರ ಉಳಿದಿತ್ತು. ಅವನು ಅದರ ಪಕ್ಕ ಕುಳಿತು, ಕೈಯಿಂದ ಅದರ ಬಾಯಿಗೆ ಕಟ್ಟಿದ ಬಟ್ಟೆಯ ಗಂಟನ್ನು ಮುಟ್ಟಿ ಮುಟ್ಟಿ ನೋಡಿದ.

ನಿರ್ದೇಶಕರು ಬಂದದ್ದು ಅದರ ಮರುದಿನ. ಹಿಂದೂಸ್ತಾನಿಯಲ್ಲಿ, ನನಗೆ ತಿಳಿಯುವಂತೆ ನಿಧಾನವಾಗಿ ಹೇಳಿದರು. ಚಿತ್ರ ಮುಕ್ಕಾಲು ಮುಗಿದಿದೆ. ಮೊದಲಿಂದ ತೆಗೆಯಲು ಫಿಲ್ಮು ಸಿಗುವುದಿಲ್ಲ. ಉಳಿದ ಭಾಗವನ್ನು ಬೇರೆ ಹುಡುಗಿಯನ್ನು ಇಟ್ಟು, ಬೆನ್ನು ಮಾತ್ರ ಕಾಣುವಂತೆ, ಸೆರಗು ಮುಚ್ಚಿ ತೆಗೆಯಬಹುದು. ಆದರೆ ಅವಳ ನಡಿಗೆ ಯಾರಿಗೂ ಬರುತ್ತಿಲ್ಲ. ಅದನ್ನು ಬಲ್ಲವಳು ನೀನೊಬ್ಬಳೇ. ನೀನು ಕಲಿಸದಿದ್ದರೆ ಸ್ಟುಡಿಯೋದ ಮಾಲಕರು ಈ ಚಿತ್ರವನ್ನು ಬಿಟ್ಟುಬಿಡುತ್ತಾರೆ. ಅವಳು ಮಾಡಿದ್ದನ್ನು ಯಾರೂ ಯಾವತ್ತೂ ನೋಡುವುದಿಲ್ಲ.

ನಾನು ಅಪ್ಪನ ಮುಖ ನೋಡಿದೆ. ಅವನು ಗಡಿಗೆಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡ.

"ನಿನ್ನ ಮನಸಿಗಿ ಬಂದಂಗ ಮಾಡವ್ವ. ನಾ ಅಂತೂ ಅದನ್ನ ನೋಡಂಗಿಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ. ಗಡಿಗೆಯನ್ನು ಶಾಲಿನಲ್ಲಿ ಕಟ್ಟಿಕೊಂಡು ಅವನು ಊರಿಗೆ ಹೋದ. ಬೂದಿಯನ್ನು ಕಾಗಿಣಾದಲ್ಲಿ ಬಿಟ್ಟನೆಂದು ಆಮೇಲೆ ತಿಳಿಯಿತು. ನಾನು ಉಳಿದೆ.

ಅವರು ತಂದ ಹುಡುಗಿ ಕೊಂಕಣದ ಕಡೆಯವಳು, ಗುಂಪಿನ ದೃಶ್ಯಗಳಲ್ಲಿ ನಿಲ್ಲುತ್ತಿದ್ದವಳು. ಎತ್ತರ, ಮೈಕಟ್ಟು ತಂಗಿಯದೇ. ಮುಖ ಬೇರೆ, ಉದ್ದನೆಯ ಮುಖ, ಹೆದರಿದ ಕಣ್ಣು. ನನ್ನನ್ನು "ತಾಯೀ" ಎಂದು ಕರೆದಳು. ಮರಾಠಿಯಲ್ಲಿ ಅದು ಅಕ್ಕ ಎಂದು ನನಗೆ ಗೊತ್ತಿತ್ತು, ಆದರೂ ಮೊದಲ ಸಲ ಕೇಳಿದಾಗ ಯಾರ ತಾಯಿಯನ್ನು ಕರೆದಳೆಂದು ಹಿಂದೆ ತಿರುಗಿ ನೋಡಿದೆ. ಸ್ಟುಡಿಯೋದ ಹಿಂದಿನ ಬಯಲಿನಲ್ಲಿ ಅವಳನ್ನು ನಡೆಸಿದೆ. ಮಾತಿನಲ್ಲಿ ಹೇಳಿದ್ದು ಅವಳಿಗೆ ಹತ್ತಲಿಲ್ಲ. ಚಾಳಿನಿಂದ ನಮ್ಮ ಹಿತ್ತಾಳೆ ಕೊಡ ತಂದು, ನೀರು ತುಂಬಿ, ಅವಳ ಎಡ ಸೊಂಟಕ್ಕೆ ಇಟ್ಟೆ. ತುಂಬಿದ ಕೊಡ ಹೊತ್ತು ನಡೆ ಎಂದೆ. ಆಮೇಲೆ ಅರ್ಧ ಚೆಲ್ಲಿಸಿ ನಡೆಸಿದೆ. ಆಮೇಲೆ ಖಾಲಿ ಕೊಡ. ಕೊನೆಗೆ ಕೊಡ ತೆಗೆದು, ಇದೆ ಅಂದುಕೊಂಡೇ ನಡೆ ಎಂದೆ. ಅವಳು ಬಲಗೈಯನ್ನು ಸ್ವಲ್ಪ ಅಗಲವಾಗಿ ಬೀಸುತ್ತ, ಒಂದು ಕಡೆ ವಾಲಿಕೊಂಡು, ನನ್ನಿಂದ ದೂರ ನಡೆದು ಹೋದಳು.

ನಾನು ಸ್ಟೂಲಿನ ಮೇಲೆ ಕುಳಿತು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಆ ಹುಡುಗಿ ಬಯಲಿನ ಆಚೆ ತುದಿಗೆ ಮುಟ್ಟಿ ತಿರುಗಿದಳು. ತಿರುಗಿದ ಕೂಡಲೇ ಅವಳು ಬೇರೆಯವಳಾದಳು. ಓಡಿ ಬಂದು ನನ್ನ ಪಾದದ ಹತ್ತಿರ ಕುಳಿತು, ತಪ್ಪಾಯಿತೇ ಎಂದು ಕೇಳಿದಳು. ಇಲ್ಲ, ಸರಿ ನಡೆದೆ, ಇನ್ನೊಂದು ಸಲ ನಡೆ ಎಂದೆ.

ಚಿತ್ರ ಮುಗಿಯುವವರೆಗೆ ತಂಗಿಯ ಸೀರೆಗಳನ್ನು ನಾನೇ ಅವಳಿಗೆ ಉಡಿಸಿದೆ. ಕೂದಲು ಅವಳಿಗೆ ಸಾಲದು, ಕೃತಕ ಜಡೆ ಕಟ್ಟಿದರು. ಅದನ್ನು ನಾನು ಮುಟ್ಟಲಿಲ್ಲ. ಕೊನೆಯ ದಿನ ಆ ಹುಡುಗಿ ನನ್ನ ಕಾಲಿಗೆ ಬಿದ್ದು, ತನ್ನ ಮನೆಗೆ ಬಂದು ಇರು ಎಂದಳು. ಅವಳ ಮನೆಯಲ್ಲಿ ಕಾಲು ಚಾಚಲು ಜಾಗವಿಲ್ಲವೆಂದು ನನಗೆ ಗೊತ್ತಿತ್ತು. ಅವಳ ತಲೆ ಸವರಿ ಬೀಳ್ಕೊಂಡೆ.

ಊರಿಗೆ ಬರುವಾಗ ಗಾಡಿಯಲ್ಲಿ ನಿದ್ದೆ ಹತ್ತಿತು. ಎಷ್ಟೋ ವಾರಗಳ ನಿದ್ದೆ. ಶಹಾಬಾದು ದಾಟಿದ್ದು ತಿಳಿಯಲಿಲ್ಲ, ವಾಡಿಯೂ ದಾಟಿತು, ಎಚ್ಚರವಾದಾಗ ನಾಲವಾರ. ಇಳಿದೆ. ತಿರುಗಿ ಹೋಗುವ ಗಾಡಿಗೆ ಇನ್ನೂ ಹೊತ್ತಿತ್ತು. ಜನ ಆ ಊರಿನ ಮಠಕ್ಕೆ ದಾಸೋಹದ ಊಟಕ್ಕೆಂದು ಹೊರಟಿದ್ದರು, ನಾನೂ ಅವರ ಹಿಂದೆ ಹೋದೆ. ಪಂಕ್ತಿಯಲ್ಲಿ ಕುಳಿತೆ. ಬಡಿಸುತ್ತ ಬಂದ ಮುದುಕಿ ನನ್ನ ಮುಖ ನೋಡಿ, "ಯಾವೂರವ್ವ, ಒಬ್ಬಾಕೀನೇ ಬಂದೀಯೇನು?" ಎಂದಳು. ಹೌದ್ರಿ ಎಂದೆ. ಆ ಹೌದು ಹೇಳಿದ ಮೇಲೆಯೇ ನನಗೆ ಅಳು ಬಂದದ್ದು. ಅವಳು ಎಲೆಗೆ ಇನ್ನಷ್ಟು ಸಾರು ಹಾಕಿ ಮುಂದೆ ಹೋದಳು.

ಮರುವರ್ಷ ಚಿತ್ರ ಶಹಾಬಾದಿಗೆ ಬಂತು. ಸಿಮೆಂಟ್ ಕಾರ್ಖಾನೆಯ ಹತ್ತಿರ ಸಿನಿಮಾದ ಡೇರೆ ಹಾಕಿದ್ದರು. ಇಡೀ ಊರು ಹೋಯಿತು. ಹೊಳೆಯ ದಾರಿಯಲ್ಲಿ ಮಾತು ನಿಲ್ಲಿಸಿದ್ದ ಹೆಂಗಸರು ಮನೆಗೆ ಬಂದು ನನ್ನನ್ನು ಕರೆದರು. ಅಪ್ಪ ಹೇಳಿದ ಮಾತಿಗೆ ನಿಂತ. ಆ ವಾರವೆಲ್ಲ ಪಂಪಿನ ಮನೆಯಲ್ಲೇ ಹೆಚ್ಚು ಹೊತ್ತು ಕಳೆದ. ನಾನು ಸಂಜೆಯ ಆಟಕ್ಕೆ ಹೋಗಿ, ಹೆಂಗಸರ ಕಡೆ ಹಿಂದಿನ ಚಾಪೆಯಲ್ಲಿ ಕುಳಿತೆ.

ತಂಗಿ ಬಂದಳು. ಮಾತಾಡಿದಳು, ನಕ್ಕಳು, ಕೊಡ ಹೊತ್ತು ಬಂದಳು. ಉಸ್ತಾನಿಯವರು ಗೋಷಾದ ಹೆಂಗಸರಿಗಾಗಿ ಪಕ್ಕದಲ್ಲಿ ಕಟ್ಟಿದ ಪರದೆಯ ಹಿಂದಿನಿಂದ ನೋಡುತ್ತ, ನಮ್ಮ ಹುಡುಗಿ, ನಮ್ಮ ಹುಡುಗಿ ಎನ್ನುತ್ತಿದ್ದುದು ಕೇಳುತ್ತಿತ್ತು. ಮಳೆ ಬಂತು. ಬಾಗಿಲ ಮುಂದೆ ನಿಂತ ಅವಳ ಮುಖ ದೊಡ್ಡದಾಗಿ ಕಂಡಿತು, ಕೆಳತುಟಿ ನಡುಗುತ್ತಿತ್ತು. ಜನ ಅದನ್ನು ದುಃಖವೆಂದು ತಿಳಿದರು. ನನಗೆ ಅದು ಚಳಿಯೆಂದು ಗೊತ್ತಿತ್ತು. ಆ ಮುಖ ಮಸುಕಾಗಿ, ಮತ್ತೆ ಬೆಳಕಾದಾಗ ಸೆರಗು ಹೊದ್ದ ಒಬ್ಬಳು ಬೆನ್ನು ಮಾಡಿ ನಡೆಯುತ್ತಿದ್ದಳು. ಅಲ್ಲಿಂದ ಮುಂದೆ ನನ್ನ ತಂಗಿ ಇಲ್ಲ. ಡೇರೆಯಲ್ಲಿ ಯಾರಿಗೂ ಅದು ತಿಳಿಯಲಿಲ್ಲ. ಕೊನೆಗೆ ಆ ಬೆನ್ನು ಒಂದು ಬಯಲು ದಾರಿಯಲ್ಲಿ ಸಣ್ಣದಾಗುತ್ತ ಹೋಗುವಾಗ ಸುತ್ತಲೂ ಹೆಂಗಸರು ಬಿಕ್ಕಿಬಿಕ್ಕಿ ಅತ್ತರು. ಹೊರಗೆ ಬಂದ ಮೇಲೆ, ಹಿಂದೊಮ್ಮೆ ನಮಗೆ ದಾರಿ ಬಿಡದಿದ್ದ ಒಬ್ಬಳು ನನ್ನ ಕೈ ಹಿಡಿದಳು.

"ನಿನ್ನ ತಂಗಿ ಕಡೀಕ ಹೊಟ್ಟ್ಯಾನ ಕರಳ ಕಿತ್ತಿದಂಗ ಮಾಡಿದಳವ್ವ. ಎಂಥಾ ನಡಿಗಿ ಆಕೀದು."

ಹೌದು ಎಂದೆ. ಅದು ಅವಳದೇ ನಡಿಗೆ, ಅವಳಲ್ಲ. ಇದನ್ನು ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು? ಡೇರೆ ಇರುವಷ್ಟು ದಿನ ದಿನಾ ಹೋದೆ. ಪರದೆಯ ಮೇಲೆ ಮಳೆ ನಿಂತ ಕೂಡಲೇ ಎದ್ದು ಮನೆಗೆ ಬರುತ್ತಿದ್ದೆ. ಗೇಟಿನವನು ಕೊನೆಕೊನೆಗೆ ಟಿಕೆಟ್ಟಿಲ್ಲದೆಯೇ ನನ್ನನ್ನು ಒಳಗೆ ಬಿಡುತ್ತಿದ್ದ.

ಅಪ್ಪ ಅದಾದ ಮೇಲೆ ಹೆಚ್ಚು ವರ್ಷ ಬದುಕಲಿಲ್ಲ. ನಿಜಾಮರ ಕೊನೆಯ ವರ್ಷದ ಗದ್ದಲದಲ್ಲಿ, ಹೆಂಗಸು ಒಬ್ಬಳೇ ಇರುವುದು ಬೇಡವೆಂದು ಸೋದರಮಾವನ ಮಗ ಬಂದು ನನ್ನನ್ನು ಚಂದಾಪುರಕ್ಕೆ ಕರೆದುಕೊಂಡು ಬಂದ. ಉಸ್ತಾನಿಯವರ ಮನೆಯವರೂ ಆಗಲೇ ಹೈದರಾಬಾದಿಗೆ ಹೊರಟಿದ್ದರು. ಸೇಡಂವರೆಗೆ ಜೊತೆಯಲ್ಲೇ ಬಂದೆವು. ಆಮೇಲೆ ಅವರ ಸುದ್ದಿ ಸಿಗಲಿಲ್ಲ.

ಚಂದಾಪುರದಲ್ಲಿ ಕುಪ್ಪಸ ಹೊಲಿಯುವುದು ಕಲಿತೆ. ಗುಡ್ಡದ ಕಡೆಯ ಹಳ್ಳಿಗಳಿಂದ ಸಂತೆಗೆ ಬರುವ ಹೆಂಗಸರು ಅರಿವೆ ಕೊಟ್ಟು, ಸಂತೆ ಮುಗಿಸಿಕೊಂಡು ಬಂದು ಒಯ್ಯುತ್ತಾರೆ. ಅರ್ಧ ಜನ ತೆಲುಗು ಆಡುವವರು. ಇಲ್ಲಿ ಯಾರಿಗೂ ಸಿನಿಮಾದ ವಿಷಯ ಗೊತ್ತಿಲ್ಲ, ನಾನೂ ಹೇಳಿಲ್ಲ. ಅಳತೆ ಕೊಡುತ್ತ ನಿಂತಾಗ ಅವರು ಎಲ್ಲವನ್ನೂ ಕೇಳುತ್ತಾರೆ: ಗಂಡ, ಮಕ್ಕಳು, ಅಕ್ಕತಂಗಿಯರು. ಒಬ್ಬ ತಂಗಿ ಇದ್ದಳು ಎನ್ನುತ್ತೇನೆ. ಏನಾಯಿತು ಎನ್ನುತ್ತಾರೆ. ಜ್ವರ ಬಂದು ಹೋದಳು ಎನ್ನುತ್ತೇನೆ. ಪಾಪ ಎಂದು ಅವರು ತೋಳು ಚಾಚುತ್ತಾರೆ, ನಾನು ಟೇಪು ಹಿಡಿಯುತ್ತೇನೆ.